ಹೋಗು ಲಾಬಿಗೆ, ಒಳಗೊಂದು ಹೂವಿದೆ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಾನಿಲ್ಲಿ ಕ್ಷೇಮ. ಅಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಅನ್ನೋದು ಫೋನಿನಲ್ಲೇ ಗೊತ್ತಾಯಿತು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿಗೆ ಬಂದ ಮೇಲೆ ನಿನ್ನ ಪದಬಂಧದ ಹುಚ್ಚು ನನಗೂ ಹಿಡಿದಿದೆ. ಇದನ್ನು ಫೋನಿನಲ್ಲಿ ಹೇಳಲು ಹೋದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳುವಷ್ಟರಲ್ಲಿ ಮಜಾ ಸತ್ತುಹೋಗುತ್ತದೆ. ಅದಕ್ಕೇ ಈ ಕಾಗದ.

ನೀನು ಬಿಡಿಸುವ ಪದಬಂಧದಲ್ಲಿ ಸುಳಿವು ನೇರವಾಗಿರುತ್ತದೆ. 'ಆನೆ' ಅಂತ ಇದ್ದರೆ ಗಜವೋ ಕರಿಯೋ ಅಂತ ಯೋಚಿಸಿದರಾಯಿತು. ಇಲ್ಲಿನ ಪತ್ರಿಕೆಗಳಲ್ಲಿ ಅಂಥದ್ದೂ ಬರುತ್ತದೆ. ಅದರ ಜೊತೆಗೆ ಕ್ರಿಪ್ಟಿಕ್ ಅಂತ ಇನ್ನೊಂದು ಬರುತ್ತದೆ, ನನ್ನ ತಲೆ ಕೆಡಿಸಿರುವುದು ಅದು. ಸುಳಿವು ಓದಿದರೆ ಸೀದಾ ಸಾದಾ ವಾಕ್ಯ. ಆದರೆ ಅದರ ಮೇಲ್ನೋಟದ ಅರ್ಥವನ್ನು ನಂಬಿದೆಯೋ, ಕೆಟ್ಟೆ. ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ಉತ್ತರದ ಅರ್ಥ ಇರುತ್ತದೆ. ಉಳಿದದ್ದು ಆ ಪದವನ್ನು ಕಟ್ಟುವ ದಾರಿ. ಅಕ್ಷರಗಳನ್ನು ಕಲಸಬೇಕೋ, ಹಿಂದುಮುಂದು ಮಾಡಬೇಕೋ, ಒಂದು ಪದದ ಹೊಟ್ಟೆಯೊಳಗೆ ಇನ್ನೊಂದನ್ನು ತುರುಕಬೇಕೋ ಅನ್ನೋದಕ್ಕೂ ಗುರುತು ಇಟ್ಟಿರುತ್ತಾರೆ. 'ಕುಡಿದ', 'ಒಡೆದ', 'ಹುಚ್ಚೆದ್ದ' ಅನ್ನುವಂಥ ಪದ ಕಂಡರೆ ಪಕ್ಕದ ಅಕ್ಷರಗಳನ್ನು ಕಲಸು ಅಂತ ಲೆಕ್ಕ. ಇಂಗ್ಲಿಷಿನ 'ಲಿಸನ್' ಪದದ ಆರು ಅಕ್ಷರಗಳನ್ನು ಕಲಸಿದರೆ 'ಸೈಲೆಂಟ್' ಆಗುತ್ತದೆ, ಗಮನಿಸಿದ್ದೀಯಾ?

ಹೀಗೆ ಒಂದೇ ಉತ್ತರಕ್ಕೆ ಎರಡು ದಾರಿ. ಎರಡೂ ಒಂದೇ ಪದಕ್ಕೆ ಬಂದು ಸೇರಿದರೆ ಬರೆದದ್ದು ಸರಿ. ಯಾರನ್ನೂ ಕೇಳಬೇಕಿಲ್ಲ, ನಾಳೆಯ ಪತ್ರಿಕೆಗೆ ಕಾಯಬೇಕಾಗಿಲ್ಲ. ನೇರ ಸುಳಿವಿನಲ್ಲಿ ಈ ನೆಮ್ಮದಿ ಇಲ್ಲ ನೋಡು.

ಇವರ ಹಳೆಯ ತಂತ್ರ ಒಂದು ಹೇಳುತ್ತೇನೆ. 'ಫ್ಲವರ್' ಅಂತ ಸುಳಿವಿನಲ್ಲಿ ಇದ್ದರೆ ನಾವು ಹೂವಿನ ಹೆಸರು ಹುಡುಕುತ್ತೇವೆ. ಆದರೆ 'ಫ್ಲೋ' ಆಗುವಂಥದ್ದು, ಅಂದರೆ ಹರಿಯುವಂಥದ್ದು ಅಂತಲೂ ಅದನ್ನು ಓದಬಹುದಲ್ವಾ? ಉತ್ತರ ಥೇಮ್ಸ್ ನದಿ! ಇನ್ನೊಂದು ಸುಳಿವಿನಲ್ಲಿ ಬರೀ ಅಕ್ಷರಗಳು: ಎಚ್, ಐ, ಜೆ, ಕೆ, ಎಲ್, ಎಂ, ಎನ್, ಓ. ಉತ್ತರ ಐದಕ್ಷರ. ಕಾಗದ ಕೆಳಗಿಟ್ಟು ಸ್ವಲ್ಪ ಯೋಚಿಸು. ಎಚ್‌ನಿಂದ ಓ ತನಕ, ಅಂದರೆ 'ಎಚ್ ಟು ಓ'. ನೀರು, ಅಂದರೆ 'ವಾಟರ್'! ಇದು ತಿಳಿದ ದಿನ ನಾನು ಒಬ್ಬಳೇ ಕೂತು ನಕ್ಕಿದ್ದೇನೆ. ಮೋಸ ಹೋದೆ ಅಂತ ಸಿಟ್ಟು ಬರುವುದಿಲ್ಲ, ಯಾಕಂದರೆ ಸುಳಿವಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಎಲ್ಲ ಕಣ್ಣೆದುರೇ ಇತ್ತು.

ಇದನ್ನೆಲ್ಲ ಕಟ್ಟುವವರು ಗುಪ್ತನಾಮದಲ್ಲಿ ಬರೆಯುತ್ತಾರೆ. 'ಅಬ್ಸರ್ವರ್' ಪತ್ರಿಕೆಯಲ್ಲಿ 1926ರಿಂದ ಬರೆದವರು ಇಟ್ಟುಕೊಂಡ ಹೆಸರು ಟಾರ್ಕೆಮಾಡ. ಜನರನ್ನು ಹಿಂಸೆ ಕೊಟ್ಟು ವಿಚಾರಿಸುತ್ತಿದ್ದ ಸ್ಪೇನಿನ ಧರ್ಮಾಧಿಕಾರಿಯ ಹೆಸರದು. ಅವರ ನಂತರ ಬಂದವರು ಅಂಥದ್ದೇ ಇನ್ನೊಬ್ಬನ ಹೆಸರು ಹುಡುಕಿ ಝಿಮಿನೀಸ್ ಆದರು. ಸುಳಿವು ಎಷ್ಟೇ ಕಷ್ಟವಿರಲಿ, ನ್ಯಾಯವಾಗಿರಬೇಕು, ಒಂದು ಪದವೂ ಸುಮ್ನೆ ತುಂಬಿದ್ದಾಗಿರಬಾರದು ಅಂತ ಹಟ ಹಿಡಿದವರು ಇವರು. 1972ರಲ್ಲಿ ಬಂದ ಮೂರನೆಯವರು ಅಝೆಡ್. ಡೆಝಾ ಅನ್ನೋ ಧರ್ಮಾಧಿಕಾರಿಯ ಹೆಸರನ್ನು ಹಿಂದಿನಿಂದ ಓದಿದರೆ ಅಝೆಡ್, ಜೊತೆಗೆ ಎ ಇಂದ ಝೆಡ್ ತನಕ ಅಂತಲೂ ಆಯಿತು. ಹೆಸರಿಡುವಾಗಲೂ ಇವರಿಗೆ ಬುದ್ಧಿ ಸುಮ್ಮನಿರುವುದಿಲ್ಲ.

'ಗಾರ್ಡಿಯನ್'ನಲ್ಲಿ ಅರೌಕೇರಿಯಾ ಅಂತ ಒಬ್ಬರಿದ್ದರು. ನಿಜವಾದ ಹೆಸರು ಜಾನ್ ಗ್ರಹಾಂ, ವೃತ್ತಿಯಲ್ಲಿ ಪಾದ್ರಿ. 2013ರ ಜನವರಿಯ ಒಂದು ಪದಬಂಧದಲ್ಲಿ, ತಮಗೆ ಇಷ್ಟನೇ ಸಂಖ್ಯೆಯ ಉತ್ತರ ಬಂದಿದೆ ಅಂತ ಮೇಲೆಯೇ ಬರೆದಿದ್ದರು. ಬಿಡಿಸುತ್ತಾ ಹೋದವರಿಗೆ ಸಿಕ್ಕ ಪದ ಕ್ಯಾನ್ಸರ್. ಆಗ ಅವರಿಗೆ 91 ವರ್ಷ. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ತನ್ನ ಓದುಗರಿಗೆ ಸುದ್ದಿ ಹೇಳಲು ಅವರಿಗೆ ಅದಕ್ಕಿಂತ ಸರಿಯಾದ ಜಾಗ ಬೇರೆ ಇರಲಿಲ್ಲ ಅಂತ ನನಗನ್ನಿಸುತ್ತದೆ.

ಅಮೆರಿಕದವರ ದಾರಿ ಬೇರೆ. ಪದಬಂಧ ಹುಟ್ಟಿದ್ದೇ ಅಲ್ಲಿ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ವಜ್ರದಾಕಾರದಲ್ಲಿ ಮೊದಲನೆಯದನ್ನು ಮಾಡಿದರು. ಅಮೆರಿಕದವರ ಪದಬಂಧದಲ್ಲಿ ಪ್ರತಿ ಅಕ್ಷರವೂ ಅಡ್ಡಕ್ಕೂ ಬೇಕು, ಉದ್ದಕ್ಕೂ ಬೇಕು. ಇಲ್ಲಿ ಕ್ರಿಪ್ಟಿಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಅಕ್ಷರಗಳಿಗೆ ಮಾತ್ರ ಆ ಆಸರೆ. ಹಾಗಾಗಿ ಅಮೆರಿಕದ ಪದಬಂಧದಲ್ಲಿ ಗೊತ್ತಿಲ್ಲದ ಪದವೂ ತಾನಾಗಿಯೇ ತುಂಬಿಕೊಳ್ಳುತ್ತದೆ. ಎತುಯಿ ಅಂದರೆ ಸೂಜಿ ಇಡುವ ಪುಟ್ಟ ಡಬ್ಬಿ ಅಂತ ನನಗೆ ಗೊತ್ತಾಗಿದ್ದು ಹೀಗೇ. ಕತ್ತಿವರಸೆಯಲ್ಲಿ ಎಪೇ ಅನ್ನೋ ಕತ್ತಿಯಿದೆ, ಅದು ಎದುರಾಳಿಯ ಮೈಯಲ್ಲಿ ಎಲ್ಲಿ ತಾಗಿದರೂ ಅಂಕ. ಆರ್ಕೆಸ್ಟ್ರಾದವರೆಲ್ಲ ಓಬೋ ವಾದ್ಯದ ಸ್ವರಕ್ಕೆ ಶ್ರುತಿ ಸೇರಿಸಿಕೊಳ್ಳುತ್ತಾರೆ. ಇದರಿಂದ ಏನು ಪ್ರಯೋಜನ ಅಂತ ಭಾವ ಕೇಳುತ್ತಾರೆ, ನನಗೆ ಗೊತ್ತು. ಏನೂ ಇಲ್ಲ. ಸ್ವರಾಕ್ಷರ ಜಾಸ್ತಿ ಇರುವ ಚಿಕ್ಕ ಪದಗಳು ಇವರಿಗೆ ಎಷ್ಟಿದ್ದರೂ ಸಾಲವು, ಅದಕ್ಕೇ ಇವು ಮತ್ತೆ ಮತ್ತೆ ಬರುತ್ತವೆ. ಅದೇ ಕಾರಣಕ್ಕೆ ನಮ್ಮ ರಾಣಿ, ರಾಗ, ಆಗ್ರಾ ಕೂಡ ಅಲ್ಲಿ ಖಾಯಂ ಗಿರಾಕಿಗಳು!

ಭಾವನಿಗೆ ರಾಜಕೀಯ ಇಷ್ಟ ಅಲ್ವಾ, ಇದನ್ನು ಅವರಿಗೆ ಓದಿ ಹೇಳು. 1996ರ ನವೆಂಬರ್ 5, ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ಆ ದಿನದ 'ನ್ಯೂಯಾರ್ಕ್ ಟೈಮ್ಸ್' ಪದಬಂಧದಲ್ಲಿ ಸುಳಿವು 'ನಾಳಿನ ಪತ್ರಿಕೆಯ ಮುಖ್ಯ ಸುದ್ದಿ'. ಉತ್ತರ, ಕ್ಲಿಂಟನ್ ಆಯ್ಕೆ. ಮತ ಎಣಿಸುವ ಮೊದಲೇ ಇದೇನು ಪಕ್ಷಪಾತ ಅಂತ ಜನ ಸಂಪಾದಕರ ಮೇಲೆ ಹರಿಹಾಯ್ದರು. ಆದರೆ ಕ್ಲಿಂಟನ್ ಹೆಸರಿನ ಅದೇ ಏಳು ಮನೆಗಳಲ್ಲಿ ಎದುರಾಳಿ 'ಬಾಬ್ ಡೋಲ್' ಅಂತ ಬರೆದರೂ ಸರಿಹೋಗುತ್ತಿತ್ತು! ಮೇಲಿನಿಂದ ಇಳಿಯುವ ಏಳು ಸುಳಿವುಗಳಿಗೂ ಎರಡೆರಡು ಉತ್ತರ. ಹ್ಯಾಲೋವೀನ್ ಹಬ್ಬದ ಕಪ್ಪು ಪ್ರಾಣಿ ಅಂದರೆ 'ಕ್ಯಾಟ್' ಆದರೆ ಕ್ಲಿಂಟನ್‌ನ ಸಿ, 'ಬ್ಯಾಟ್' ಆದರೆ ಬಾಬ್‌ನ ಬಿ. ಬೆಕ್ಕೂ ಕಪ್ಪು, ಬಾವಲಿಯೂ ಕಪ್ಪು. ಇದನ್ನು ಕಟ್ಟಿದವರು ಜೆರೆಮಯ ಫ್ಯಾರೆಲ್, ಗಣಿತದ ಪ್ರಾಧ್ಯಾಪಕರು. ಹೀಗೆ ಎರಡೂ ಕಡೆ ಗೆಲ್ಲುವ ಭವಿಷ್ಯ ಯಾವ ಜ್ಯೋತಿಷಿ ಹೇಳಿಯಾನು?

ಈಗ ಅಸಲು ಮಾತು. ಕನ್ನಡದಲ್ಲಿ ಕ್ರಿಪ್ಟಿಕ್ ಆಗುವುದಿಲ್ಲ ಅಂತ ನೀನು ಹಿಂದೆ ವಾದ ಮಾಡಿದ್ದೆ. ಒಂದು ಮನೆಯಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿದ ಇಡೀ ಅಕ್ಷರ ಕೂರುತ್ತದೆ, 'ಸ್ತ್ರೀ'ಗೂ ಒಂದೇ ಮನೆ. ಅಡ್ಡ ಪದದಲ್ಲಿ 'ದಿ' ಬಂದರೆ ಉದ್ದದ ಪದಕ್ಕೂ 'ದಿ'ಯೇ ಬೇಕು, 'ದ' ಇದ್ದರೆ ಆಗಲ್ಲ. ಹಾಗಾಗಿ ಅಮೆರಿಕದವರ ಹಾಗೆ ಒತ್ತೊತ್ತಾಗಿ ಹೆಣೆಯುವುದು ಕಷ್ಟ. ಒಪ್ಪಿದೆ. ಆದರೆ ಪದದ ಆಟಕ್ಕೆ ಇದೇ ವರವಲ್ವಾ? 'ಹೊಳೆ ಹಿಂದಕ್ಕೆ ಹರಿದರೆ ಒಂದು ದಿವಸ' ಅಂತ ಸುಳಿವು ಕೊಟ್ಟರೆ? ನದಿ ತಿರುಗಿದರೆ ದಿನ! ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹಿಂದುಮುಂದು ಮಾಡಿ ಒದ್ದಾಡಬೇಕು, ನಮ್ಮಲ್ಲಿ ಕಾಗುಣಿತ ಸಮೇತ ಎದ್ದು ಬರುತ್ತದೆ. ಇನ್ನೊಂದು, ನಾನೇ ಕಟ್ಟಿದ್ದು, ನನಗೆ ಬಹಳ ಹೆಮ್ಮೆ: 'ಹೋಗು ಲಾಬಿಗೆ, ಒಳಗೊಂದು ಹೂವಿದೆ.' ಹೋಟೆಲಿನ ಲಾಬಿಗೆ ಹೋಗಿ ಹುಡುಕಬೇಡ. ಮೊದಲ ಎರಡು ಪದ ಸೇರಿಸಿ ಓದಿ, ಎರಡೂ ತುದಿಯ ಒಂದೊಂದು ಅಕ್ಷರ ಬಿಡು. ಗುಲಾಬಿ ಸಿಕ್ಕಿತಾ?

ಇನ್ನು ನಿನ್ನ ಸರದಿ. ಮೂರು ಸುಳಿವು ಕಳಿಸುತ್ತಿದ್ದೇನೆ. ಕಂಸದಲ್ಲಿರುವುದು ಉತ್ತರದಲ್ಲಿರುವ ಅಕ್ಷರಗಳ ಸಂಖ್ಯೆ.

ಕೋತಿಯ ತಲೆ ತೆಗೆದರೆ ಮನುಷ್ಯ (2)

ಬಾಲ ಕತ್ತರಿಸಿಕೊಂಡ ದೊರೆ ಮನೆ ಸೇರಿದ್ದು ಎಲ್ಲಿಗೆ? (4)

ಪ್ರಶ್ನೆ ಕೇಳಿದವರಿಗೆ ಬೇಕು, ದಿಕ್ಸೂಚಿಯ ಮುಳ್ಳಿಗೂ ಬೇಕು, ಬೃಹನ್ನಳೆ ಓಡಿಸಿದ ರಥದಲ್ಲೂ ಇದ್ದ (3)

ಅಪ್ಪನನ್ನು ಕೇಳಬೇಡ, ಅವರು ಮೂರನೆಯದನ್ನು ಓದುವ ಮೊದಲೇ ಹೇಳಿಬಿಡುತ್ತಾರೆ. ನೀನು ಕಟ್ಟಿದ್ದು ಒಂದಾದರೂ ಬೇಗ ಕಳಿಸು. ಸುಲಭದ್ದು ಬೇಡ.

ನಿನ್ನ ತಂಗಿ