ಮಗಳಿಗೊಂದು ಪತ್ರ: ಮೂವತ್ತಾರನೇ ಫೋಟೋ

ಪುಟ್ಟಿ,

ನೀನು ಲಂಡನ್‌ಗೆ ಹೋಗಿ ಇವತ್ತಿಗೆ ಹದಿನೈದು ದಿನ. ಅಪ್ಪನಿಗೆ ದಿನವೂ ಫೋನ್ ಮಾಡುತ್ತೀಯ. ನನಗೆ ನಿನ್ನೆ ರಾತ್ರಿ ಮೊದಲ ಸಲ ಒಂದು ಫೋಟೋ ಬಂತು. ಕ್ಯೂ ಗಾರ್ಡನ್‌ನ ಬಿಳಿ ಮ್ಯಾಗ್ನೋಲಿಯಾ. ಕೆಳಗೆ ಒಂದಕ್ಷರವೂ ಇಲ್ಲ.

ಹೊರಡುವ ಹಿಂದಿನ ಭಾನುವಾರ ಲಾಲ್‌ಬಾಗ್‌ನಲ್ಲಿ ಆಗಿದ್ದನ್ನು ಇಲ್ಲಿ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ.

ಫೋಟೋ ಚೆನ್ನಾಗಿದೆ. ನನ್ನ ಮಗಳು ತೆಗೆದಿದ್ದು ಅಂತ ವಾಕಿಂಗ್ ಗೆಳತಿಯರಿಗೆಲ್ಲ ಬೆಳಗ್ಗೆಯೇ ತೋರಿಸಿದೆ. ಆದರೆ ಬಿಳಿ ಹೂವು ಬೂದು ಬಣ್ಣಕ್ಕೆ ತಿರುಗಿದೆ, ನೋಡಿದೆಯಾ? ಬಿಳಿ ಜಾಸ್ತಿ ಇದ್ದರೆ ಕ್ಯಾಮೆರಾ ಬೆಳಕೇ ಹೆಚ್ಚಾಯಿತು ಅಂದುಕೊಂಡು ಕಡಿಮೆ ಮಾಡಿಬಿಡುತ್ತದೆ. ಎಕ್ಸ್‌ಪೋಶರನ್ನು ಪ್ಲಸ್ 1ಕ್ಕೆ ಏರಿಸು. ಫೋಕಸ್ ಮುಂದಿನ ದಳದ ಮೇಲೆ ಕೂತಿದೆ, ಅದು ಕೇಸರದ ಮೇಲೆ ಇರಬೇಕಿತ್ತು. ಅಲ್ಲಿ ಹುಲ್ಲಿನ ನಡುವೆ ಕ್ರೋಕಸ್ ಇನ್ನೂ ಇದ್ದರೆ ನಿಂತುಕೊಂಡು ತೆಗೆಯಬೇಡ, ನೆಲಕ್ಕೆ ಮೊಣಕೈ ಊರು. ಅವು ಬಿಸಿಲಿಗೆ ಅರಳಿ, ಮೋಡ ಬಂದರೆ ಮುಚ್ಚಿಕೊಳ್ಳುತ್ತವೆ. ನಮ್ಮ ಕೇಸರಿಯೂ ಅದೇ ಕುಲದ ಗಿಡದ್ದು. ಗಾಳಿ ಇದ್ದರೆ ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ಕೆಳಗೆ ಬೇಡ. ಇಲ್ಲವೇ ಗಾಳಿ ನಿಲ್ಲುವವರೆಗೆ ಕಾಯಬೇಕು.

ಕಾಯಬೇಕು ಅಂತ ಬರೆದು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಿನಗೆ ಹೇಳಬೇಕಾದ್ದು ಮ್ಯಾಗ್ನೋಲಿಯಾ ವಿಷಯ ಅಲ್ಲ.

ನಿನಗೆ ಆಗ ಆರು ವರ್ಷ. ಇದೇ ಮಾರ್ಚ್ ತಿಂಗಳು. ಅಪ್ಪ ಗಾಜಿನ ಮನೆ ಹತ್ತಿರ ಬೆಂಚಿನಲ್ಲಿ ಪೇಪರ್ ಓದುತ್ತಿದ್ದರು. ನಾನು ನಾಗಲಿಂಗದ ಮರದ ಮುಂದೆ ಮಂಡಿಯೂರಿದ್ದೆ. ಟಬೂಬಿಯಾ ಅಷ್ಟೆತ್ತರದಲ್ಲಿ ಅರಳುತ್ತದೆ, ನನ್ನ 50 ಎಂಎಂ ಲೆನ್ಸಿಗೆ ಎಟುಕುತ್ತಿರಲಿಲ್ಲ. ನಾಗಲಿಂಗ ಕಾಂಡದಲ್ಲೇ ಹೂ ಬಿಡುತ್ತದೆ, ಕೈಗೆ ಸಿಗುವ ಎತ್ತರದಲ್ಲಿ. 36 ಫೋಟೋದ ರೀಲಿನಲ್ಲಿ ಒಂದೇ ಒಂದು ಉಳಿದಿತ್ತು. ಹೆಡೆಯ ಹಾಗೆ ಬಾಗಿದ ಕೇಸರಗಳೊಳಗೆ ಒಂದು ಜೇನು ನುಗ್ಗಿತ್ತು. ಆ ಹೂವಿನಲ್ಲಿ ಮಕರಂದ ಇರುವುದಿಲ್ಲ, ಜೇನು ಬರುವುದು ಪರಾಗಕ್ಕೆ. ಬೆನ್ನ ಮೇಲೆ ಪುಡಿ ಹೊತ್ತು ಹೊರಗೆ ಬರಲಿ ಅಂತ ಕಾಯುತ್ತಿದ್ದೆ.

ನಿನ್ನ ಫ್ರಾಕು ನನ್ನ ಎಡಗೈಗೆ ತಾಗುತ್ತಿತ್ತು. ತಾಗುವುದು ನಿಂತಿತು.

ಅದು ನನಗೆ ಗೊತ್ತಾಯಿತು. ಗೊತ್ತೇ ಆಗಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. "ಪುಟ್ಟೀ" ಅಂತ ಕರೆದೆ. ನೀನು ಓ ಅನ್ನಲಿಲ್ಲ. ಆದರೂ ಕಣ್ಣು ಕ್ಯಾಮೆರಾದಿಂದ ತೆಗೆಯಲಿಲ್ಲ. ಜೇನು ಹೊರಗೆ ಬಂತು. ಒತ್ತಿದೆ. ರೀಲು ತಾನಾಗೇ ಹಿಂದಕ್ಕೆ ಸುತ್ತಿಕೊಳ್ಳುವ ಸದ್ದು ಮುಗಿದ ಮೇಲೆ ತಿರುಗಿದೆ. ಎಲ್ಲ ಸೇರಿ ಅರ್ಧ ನಿಮಿಷ ಇರಬಹುದು.

ಆಮೇಲೆ ಕೆರೆ ಕಡೆಗೆ ಓಡಿದೆ. ಏರಿ ಮೇಲೆ ನಿಂತು ನೀರನ್ನೇ ನೋಡಿದೆ. ಇಪ್ಪತ್ತು ನಿಮಿಷದ ನಂತರ ನೀನು ಸಿಕ್ಕಿದ್ದು ಎಲೆ ಗುಡಿಸುವ ಅಜ್ಜಿಯ ಪಕ್ಕದಲ್ಲಿ. ಫ್ರಾಕಿನ ಮಡಿಲ ತುಂಬ ಉದುರಿದ ಟಬೂಬಿಯಾ. ನಿನಗೆ ಅದು ಹೂ ಸಿಕ್ಕಿದ ದಿನ. ನಿಮ್ಮಪ್ಪ ನೆಂಟರ ಮುಂದೆಲ್ಲ, "ಮಗು ಕಾಣದ ತಕ್ಷಣ ಇವಳು ಕ್ಯಾಮೆರಾ ಬಿಸಾಕಿ ಓಡಿದಳು" ಅಂತ ಹೇಳುತ್ತಾರೆ. ನಾನು ಒಂದು ಸಲವೂ ಅಲ್ಲ ಅನ್ನಲಿಲ್ಲ. ಹಾಲ್‌ನಲ್ಲಿ ಟಿವಿಯ ಮೇಲೆ ಇರುವುದು ಆ ಮೂವತ್ತಾರನೇ ಫೋಟೋ. ನೀನು ಅದರ ಕೆಳಗೇ ಕೂತು ಹೋಂವರ್ಕ್ ಮಾಡಿ ದೊಡ್ಡವಳಾದೆ. ನಿನ್ನೆ ರಾತ್ರಿ ಅದನ್ನು ಇಳಿಸಿದೆ. ಬೆಳಗ್ಗೆ ಅಪ್ಪ ಯಾಕೆ ಅಂದರು, ಮತ್ತೆ ತೂಗುಹಾಕಿದೆ.

ಆ ಭಾನುವಾರ ನೀನು ಆಡಿದ ಮಾತಿಗೆ ನಾನು ಅಷ್ಟು ಸಿಟ್ಟಾಗಿದ್ದು ಇದಕ್ಕೇ. ಮಾತು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ತಪ್ಪಾಯಿತು ಮಗಳೇ. ಆವತ್ತಿನದ್ದೂ, ಈಗಿನದ್ದೂ.

ಇನ್ನೊಂದು ವಿಷಯ. ಲಾಲ್‌ಬಾಗ್ ನೋಡಿಕೊಂಡ ಕ್ರುಂಬಿಗಲ್ ಅವರು ಜರ್ಮನಿಯವರು, ಭಾರತಕ್ಕೆ ಬರುವ ಮೊದಲು ನೀನು ನಿಂತಿದ್ದ ಅದೇ ಕ್ಯೂ ಗಾರ್ಡನ್‌ನಲ್ಲಿ ಕೆಲಸ ಮಾಡಿದವರು. ಮೈಸೂರು ಸಂಸ್ಥಾನಕ್ಕೆ ಬಂದದ್ದು 1908ರಲ್ಲಿ. ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದರು ಅಂತ ಅವರನ್ನು ನೆನೆಯುತ್ತೇವೆ. ತೀರಿಕೊಂಡಿದ್ದೂ ಇಲ್ಲೇ, 1956ರಲ್ಲಿ. ಇದನ್ನು ಎಷ್ಟೋ ಸಲ ಖುಷಿಯಿಂದ ಹೇಳಿದ್ದೇನೆ. ಈ ಹದಿನೈದು ದಿನ ಮಾತ್ರ ಅವರ ಅಮ್ಮನ ಯೋಚನೆಯೇ ಬರುತ್ತಿದೆ. ಮಗ ಎರಡು ವರ್ಷದಲ್ಲಿ ಬರುತ್ತಾನೆ ಅಂದುಕೊಂಡಿದ್ದರೇನೋ. ನೀನೂ ಎರಡು ವರ್ಷ ಅಂತಲೇ ಹೇಳಿ ಹೋಗಿದ್ದೀಯ, ಅಲ್ವಾ? ಅಲ್ಲೇ ಉಳಿಯಬೇಕು ಅನ್ನಿಸಿದರೆ ಉಳಿ. ನನಗೆ ಮೊದಲೇ ಹೇಳು, ಅಷ್ಟೇ. ಅಪ್ಪನ ಮೂಲಕ ಬೇಡ.

ಹೊರಡುವ ಹಿಂದಿನ ಆ ಭಾನುವಾರ ಬೆಂಚಿನ ಹತ್ತಿರ ನೀನು ಏನೋ ಹೇಳಲು ಬಂದಿದ್ದೆ. "ಒಂದ್ನಿಮಿಷ, ಗಾಳಿ ನಿಲ್ಲಲಿ" ಅಂದೆ. ಅದೇನಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೆ ಗೊತ್ತು ಅನ್ನಿಸುತ್ತದೆ, ನಾನು ಕೇಳಿಲ್ಲ. ನಿನ್ನ ಬಾಯಿಂದಲೇ ಕೇಳಬೇಕು.

ಕ್ಯಾಮೆರಾ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ. ಇನ್ನೊಂದು ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೋ. ಚಟ್ನಿಪುಡಿ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕು. ಶನಿವಾರ ನಿಮ್ಮಲ್ಲಿ ಮಧ್ಯಾಹ್ನ ಆಗುವ ಹೊತ್ತಿಗೆ ನನ್ನ ಅಡುಗೆ ಕೆಲಸ ಮುಗಿದಿರುತ್ತದೆ. ಫೋನನ್ನು ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ
ಅಮ್ಮ