ತುಂಬುತೋಳಿನ ಹುಡುಗನ ನೆಪದಲ್ಲಿ

ಲೋ ಮಾರಾಯ,

ತಮಗೆ ತಾವೇ ಗಾಯ ಮಾಡಿಕೊಳ್ಳೋ ಮಕ್ಕಳ ಜೊತೆ ಹೇಗೆ ಮಾತಾಡೋದು ಅಂತ ನೀನು ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಇಲ್ಲಿ ಊರೆದುರು ಉತ್ತರ ಕೊಡ್ತಿದೀನಿ, ಸಹಿಸಿಕೋ. ತೀರ್ಥಹಳ್ಳಿಯಲ್ಲಿ ಮಳೆ ಬಿಟ್ಟಿಲ್ಲ, ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯೋಕಾಗಿಲ್ಲ, ಭಟ್ಟರ ಕೊಡೆ ಇನ್ನೂ ನನ್ನ ಹತ್ತಿರವೇ ಇದೆ. ನೀನು ನಕ್ಕಿದ್ದು ಇಲ್ಲಿಗೇ ಕೇಳಿಸ್ತು.

ನಮ್ಮ ಕಾಲೇಜಿನಲ್ಲಿ ಒಬ್ಬ ಹುಡುಗ. (ಅವನನ್ನು ಕೇಳಿಯೇ ಬರೀತಿದೀನಿ, ಗುರುತು ಬದಲಿಸಿದೀನಿ.) ಸುಡು ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಬಿಚ್ಚಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ತೋಳು ಜಾರಿತು, ತಾನೇ ಮಾಡಿಕೊಂಡ ಗಾಯದ ಕಲೆಗಳು ಕಂಡವು. ಸ್ಟಾಫ್ ರೂಮಿನಲ್ಲಿ "ಎಲ್ಲ ಶೋ ಸಾರ್" ಅಂದರು. ಶೋ ಆಗಿದ್ದರೆ ಮುಚ್ಚಿಕೊಳ್ಳೋದ್ಯಾಕೆ? ಮನೆಯಲ್ಲಿ ಅಮ್ಮ, ಇನ್ನು ಹೀಗೆ ಮಾಡಿಕೊಳ್ಳಲ್ಲ ಅಂತ ಧರ್ಮಸ್ಥಳದ ಆಣೆ ಹಾಕಿಸಿದ್ದಾರೆ. ಆಣೆ ಮುರಿದ ದಿನ ಹುಡುಗನಿಗೆ ಸಂಕಟದ ಜೊತೆ ಪಾಪಭೀತಿಯೂ ಸೇರಿಕೊಂಡಿದೆ, ಮುಚ್ಚಿಡೋದು ಇನ್ನೂ ಜಾಸ್ತಿಯಾಗಿದೆ.

ಹೀಗೆ ಗಾಯ ಮಾಡಿಕೊಳ್ಳೋ ಎಷ್ಟೋ ಮಕ್ಕಳಿಗೆ ಸಾಯೋ ಉದ್ದೇಶ ಇರಲ್ಲ, ತಡೆಯೋಕಾಗದ ಗಳಿಗೆಯೊಂದನ್ನು ದಾಟಬೇಕಿರುತ್ತೆ ಅಷ್ಟೆ. ಹಾಗಂತ ಹಗುರವಾಗಿ ನೋಡೋ ಹಾಗಿಲ್ಲ, ಆತ್ಮಹತ್ಯೆಯ ಅಪಾಯ ಇಂಥವರಿಗೆ ಹೆಚ್ಚು. ಅದಕ್ಕೇ ನೇರವಾಗಿ ಕೇಳಿದೆ, "ಸಾಯಬೇಕು ಅನಿಸುತ್ತೇನೋ?" ಕೇಳಿದರೆ ನಾವೇ ತಲೆಗೆ ತುಂಬಿದ ಹಾಗೆ ಅಂತ ನಮ್ಮವರ ಹೆದರಿಕೆ. ಹಾಗೇನೂ ಆಗಲ್ಲ. "ಇಲ್ಲ ಸಾರ್" ಅಂದ. ಆಮೇಲೆ ಬಸ್ಸು ತಪ್ಪುವವರೆಗೂ ಮಾತಾಡಿದ, ಅಪ್ಪನ ಸಾಲ, ಅಪ್ಪನ ಕುಡಿತ. ಈಗ ಅಮ್ಮನ ಜೊತೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣ್ತಿದ್ದಾನೆ. ರಾತ್ರಿ ಹೊತ್ತಿಗಿರಲಿ ಅಂತ 14416 ಬರೆದುಕೊಟ್ಟೆ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಎಷ್ಟೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತ ಓದುವವರು ಕೇಳಬಹುದು, ನೀನು ಕೇಳಲ್ಲ. ಹಾಸ್ಟೆಲ್ಲಿನ ಬಚ್ಚಲ ಬಾಗಿಲು ತಟ್ಟಿ, ನನ್ನ ಕೈ ನೋಡಿ, "ಯಾಕೋ" ಅನ್ನದೆ ಡೆಟಾಲ್ ಹಚ್ಚಿದವನು ನೀನು. ಬೆಳಗಿನವರೆಗೆ ಪಕ್ಕದಲ್ಲಿ ಕೂತು ದ್ರಾವಿಡ್ ಬ್ಯಾಟಿಂಗಿನ ಬಗ್ಗೆ ಕೊರೆದೆ. ವಾರ್ಡನ್‌ಗೆ ಹೇಳಲಿಲ್ಲ, ಆದರೆ ನನ್ನ ಅಕ್ಕನಿಗೆ ಫೋನ್ ಮಾಡಿದೆ. ಆಗ ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ? ಮದುವೆಯಾದ ಮೇಲೂ ಆ ಕಲೆಗಳನ್ನು ಬೇಲಿಮುಳ್ಳಿನ ಲೆಕ್ಕಕ್ಕೇ ಹಾಕಿಕೊಂಡು ಬಂದಿದೀನಿ. ಇವತ್ತು ಹೆಂಡತಿಯೂ ಇದನ್ನು ಓದ್ತಾಳೆ.

ಅಯ್ಯೋ, ಇಷ್ಟು ಬರೆಯೋ ಅಂದಾಜಿರಲಿಲ್ಲ. ನೀನು ಕಮೆಂಟಿನಲ್ಲಿ ಕೈ ಮುಗಿಯೋ ಚಿತ್ರ ಹಾಕಿದರೆ ಬ್ಲಾಕ್ ಮಾಡ್ತೀನಿ, ನೋಡ್ಕೋ. ದ್ರಾವಿಡ್ ವಿಷಯದಲ್ಲಿ ನೀನು ಹೇಳಿದ್ದು ಆಗಲೂ ತಪ್ಪು, ಈಗಲೂ ತಪ್ಪು. ಪರೋಟದ ದುಡ್ಡೂ ನೀನೇ ಕೊಡಬೇಕು, ಅದರಲ್ಲಿ ರಾಜಿಯಿಲ್ಲ.