ನಾನೇ ತಂದುಬಿಟ್ಟರೆ ಎಂದು ಕೇಳಿದ್ದಕ್ಕೆ

ಮೇ 2021

ಚಿರಂಜೀವಿ ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಉಭಯಕುಶಲೋಪರಿ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಆ ಗೀಟು ನಿನಗೆ ಕಾಣುತ್ತಿರಬಹುದು. ಇಷ್ಟು ವರ್ಷ ಯೋಚನೆಯಿಲ್ಲದೆ ಬರೆಯುತ್ತಿದ್ದ ಮಾತು, ಈ ಸಲ ಕೈ ಬರಲಿಲ್ಲ. ನೀನು ಫೋಟೊ ತೆಗೆದು ಕಳುಹಿಸಿದ ಮೂರು ಪುಟಗಳನ್ನು ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದಿದೆ. ನಿನ್ನ ಕೆಲಸದ ಸಂಗತಿ, ಅಮ್ಮನ ಮಂಡಿನೋವು, ಮೇಲಿನ ಮನೆಯವರ ಗಲಾಟೆ, ಇವಕ್ಕೆಲ್ಲ ಇನ್ನೊಂದು ದಿನ ಬರೆಯುತ್ತೇನೆ. ಮೂರನೆಯ ಪುಟದ ಅಂಚಿನಲ್ಲಿ, ಜಾಗವಿಲ್ಲದ ಕಡೆ ಅಡ್ಡಡ್ಡಲಾಗಿ ತುರುಕಿ ಒಂದು ಸಾಲು ಬರೆದಿದ್ದೀಯಲ್ಲ, “ಅತ್ತೆ, ಈ ಕೊರೊನಾವನ್ನು ನಾನೇ ಮನೆಗೆ ತಂದುಬಿಟ್ಟರೆ?” ಎಂದು, ಅದಕ್ಕೆ ಮಾತ್ರ ಈ ಕಾಗದ. ಫೋಟೊದಲ್ಲಿ ಕೊನೆಯ ಅಕ್ಷರ ಅರ್ಧ ಕತ್ತರಿಸಿಹೋಗಿತ್ತು. ಓದಲು ಅಷ್ಟೇ ಸಾಕಾಯಿತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಎರಡನೆಯ ಪುಟದಲ್ಲಿ ನಿನ್ನ ದಿನಚರಿ ಇತ್ತು. ಹೊರಗಿನಿಂದ ತಂದ ಚೀಲ ಮೂರು ದಿನ ಬಾಗಿಲಾಚೆ ಇರಬೇಕು. ಹಾಲಿನ ಪೊಟ್ಟಣಕ್ಕೆ ಸ್ಯಾನಿಟೈಸರ್, ತರಕಾರಿಗೆ ಸಾಬೂನು ನೀರು, ಚಿಲ್ಲರೆ ನಾಣ್ಯಗಳಿಗೆ ಬಿಸಿನೀರಿನ ಸ್ನಾನ. ನಿನ್ನ ಊಟ ನಿನ್ನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಅಪ್ಪನ ಎದುರು ಕುಳಿತು ಮಾತನಾಡಿ ಏಳು ವಾರವಾಯಿತು ಎಂದು ಲೆಕ್ಕವನ್ನೂ ಕೊಟ್ಟಿದ್ದೀಯ. ಬೆರಳ ಸಂದಿಯ ಚರ್ಮ ಬಿರಿದು ಉರಿಯುತ್ತಿದೆ ಎಂದು ಬರೆದದ್ದನ್ನು ಓದುವಾಗ ನನಗೆ ಕಂಡದ್ದು ನಿನ್ನ ಕೈಯಲ್ಲ. ಹದಿನೇಳು ವರ್ಷದ ನನ್ನದೇ ಕೈ.

ನಿನ್ನ ತಾತನಿಗೆ ಕ್ಷಯವಾಗಿದ್ದ ವರ್ಷದ ಕಥೆಯನ್ನು ನಿಮ್ಮಪ್ಪ ನೂರು ಸಲ ಹೇಳಿದ್ದಾನೆ. ಎಷ್ಟು ಚುಚ್ಚುಮದ್ದು ಕೊಟ್ಟರು, ಯಾರು ದುಡ್ಡು ಹೊಂದಿಸಿದರು ಎಂಬುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಅವನು ಆಗ ಚಿಕ್ಕವನು, ಅವನಿಗೆ ಗೊತ್ತಿಲ್ಲದ್ದೊಂದು ಇದೆ. ಊಟ ಕೊಂಡುಹೋಗಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊಸ್ತಿಲು ಹತ್ತಿರವಾಗುತ್ತಿದ್ದಂತೆ ಉಸಿರು ಬಿಗಿಹಿಡಿಯುತ್ತಿದ್ದೆ. ತಟ್ಟೆಯನ್ನು ನೆಲದ ಮೇಲಿಟ್ಟು, ಬೆರಳ ತುದಿಯಿಂದ ಒಳಕ್ಕೆ ಸರಿಸಿ, ಹಿತ್ತಲಿಗೆ ಓಡಿಬಂದು ಉಸಿರು ಬಿಡುತ್ತಿದ್ದೆ. ಒಂದು ದಿನ ಎರಡೂ ಕೈಯಲ್ಲಿ ಪಾತ್ರೆಯಿತ್ತು, ಕಾಲಿನಿಂದ ತಳ್ಳಿದೆ. ಅಪ್ಪ ನೋಡಿದರು, ಏನೂ ಅನ್ನಲಿಲ್ಲ. ಅವರ ಲೋಟ ಬೇರೆಯವಕ್ಕೆ ಬೆರೆಯದಿರಲೆಂದು ತಳದಲ್ಲಿ ಮೊಳೆಯಿಂದ ಅಡ್ಡಗೀಟು ಕೊರೆದಿದ್ದೆ. ಅದನ್ನು ಎರಡೆರಡು ಸಲ ಕುದಿಸುತ್ತಿದ್ದೆ, ಬೂದಿ ಹಾಕಿ ಬೆರಳು ಬಿರಿಯುವಷ್ಟು ಉಜ್ಜುತ್ತಿದ್ದೆ. ನನಗಿದ್ದದ್ದೂ ನಿನ್ನದೇ ಭಯ. ತಮ್ಮಂದಿರಿಗೆ ನನ್ನ ಕೈಯಿಂದಲೇ ಹೋಗಿಬಿಟ್ಟರೆ?

ಇಷ್ಟೆಲ್ಲ ಮಾಡಿದ ಮನೆಯಲ್ಲಿ ಆ ಕೋಣೆಯ ಕಿಟಕಿ ಮಾತ್ರ ಮುಚ್ಚಿಯೇ ಇತ್ತು. ಕೆಮ್ಮುವವರಿಗೆ ತಣ್ಣನೆಯ ಗಾಳಿ ಆಗದು ಎಂದು ಹಿರಿಯರು ಹೇಳಿದ್ದರು, ನಾನೇ ಅಗುಳಿ ಹಾಕಿದ್ದೆ. ಕ್ಷಯ ತಟ್ಟೆ ಲೋಟದಿಂದ ಹರಡುವ ಕಾಯಿಲೆಯಲ್ಲ. ಅದು ಬರುವುದು ಗಾಳಿಯಲ್ಲಿ. ಕಿಟಕಿ ತೆರೆದಿದ್ದರೆ ಆಗುತ್ತಿದ್ದ ಉಪಕಾರದ ನೂರರಲ್ಲಿ ಒಂದು ಪಾಲೂ ನನ್ನ ಬೂದಿಯಿಂದ ಆಗಲಿಲ್ಲ. ಮದರಾಸಿನಲ್ಲಿ ಕ್ಷಯರೋಗಿಗಳನ್ನು ಮನೆಯಲ್ಲೇ ಇಟ್ಟು ಮದ್ದು ಕೊಟ್ಟು, ಸ್ಯಾನಟೋರಿಯಮ್ಮಿನಲ್ಲಿ, ಅಂದರೆ ಕ್ಷಯದ ಆಸ್ಪತ್ರೆಯಲ್ಲಿ, ಇದ್ದವರೊಂದಿಗೆ ಹೋಲಿಸಿ ನೋಡಿದ ಅಧ್ಯಯನದ ವರದಿ 1959ರಲ್ಲೇ ಬಂದಿತ್ತು. ಗುಣವಾಗುವುದರಲ್ಲಿ ಹೆಚ್ಚು ಕಡಿಮೆಯಿರಲಿಲ್ಲ, ಮನೆಯವರಿಗೂ ಅದರಿಂದ ವಿಶೇಷ ಅಪಾಯವಾಗಿರಲಿಲ್ಲ. ತಗಲುವುದು ಬಹುಮಟ್ಟಿಗೆ ಕಾಯಿಲೆ ಪತ್ತೆಯಾಗಿ ಮದ್ದು ಶುರುವಾಗುವುದಕ್ಕೆ ಮೊದಲೇ ತಗಲಿರುತ್ತದೆ. ನಾನು ಉಸಿರು ಬಿಗಿಹಿಡಿದದ್ದು ಅದಾಗಿ ಒಂಬತ್ತು ವರ್ಷದ ಮೇಲೆ. ಆಮೇಲೆ ವಿಜ್ಞಾನದ ಮೇಡಂ ಆಗಿ ಕ್ಷಯದ ಪಾಠವನ್ನು ಎಷ್ಟೋ ವರ್ಷ ಮಾಡಿದೆ. “ಗಾಳಿಯ ಮೂಲಕ” ಎಂದು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಗೀಟೆಳೆಯುವಾಗ ಮಕ್ಕಳ ಕಡೆ ತಿರುಗದೆ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತಿದ್ದೆ.

ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ಪ್ರಶ್ನೆಗೆ ಬರುತ್ತೇನೆ.

ನೀನು ಚೀಲವನ್ನು ಮೂರು ದಿನ ಹೊರಗಿಡುವುದು ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಕಳೆದ ವರ್ಷ ಮಾರ್ಚ್‌ನಲ್ಲಿ ಬಂದ ಒಂದು ಪ್ರಯೋಗದ ವರದಿಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಯವರೆಗೂ, ರಟ್ಟಿನ ಮೇಲೆ 24 ಗಂಟೆಯವರೆಗೂ ವೈರಸ್ ಉಳಿಯಬಲ್ಲದು ಎಂದಿತ್ತು. ನಾನೂ ಆಗ ಪತ್ರಿಕೆಯನ್ನು ಒಂದು ದಿನ ಬಿಸಿಲಿಗೆ ಹಾಕಿ ಹಳೆಯ ಸುದ್ದಿ ಓದುತ್ತಿದ್ದೆ, ನಗಬೇಡ. ಆದರೆ ಅದು ಪ್ರಯೋಗಾಲಯದ ಮಾತು. ದಿನ ಕಳೆದಂತೆ ಅಲ್ಲಿನ ವೈರಸ್ಸಿನ ಪ್ರಮಾಣ ಹೇಗೆ ಕುಸಿಯುತ್ತದೆ ಎಂಬುದೂ ಅದೇ ವರದಿಯಲ್ಲಿತ್ತು. ಅದನ್ನು ನಾವ್ಯಾರೂ ಗಮನಿಸಲಿಲ್ಲ. ಕಳೆದ ತಿಂಗಳು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕಿರುವ ವಸ್ತುವನ್ನು ಮುಟ್ಟಿದ ಒಂದೊಂದು ಸಲಕ್ಕೆ ಕಾಯಿಲೆ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿದೆ. ಹಾಗೆಂದು ಕೈ ತೊಳೆಯುವುದನ್ನು ಬಿಡಬೇಡ. ಈ ವೈರಸ್ಸಿನ ಹೊರಗವಚ ಕೊಬ್ಬಿನದು, ಜಿಡ್ಡು ಹೋದಂತೆ ಸಾಬೂನಿಗೆ ಅದೂ ಕರಗುತ್ತದೆ. ಹೊರಗಿನಿಂದ ಬಂದ ಕೂಡಲೇ ಒಂದು ಸಲ, ಸಾಮಾನು ತೆಗೆದಿಟ್ಟ ಮೇಲೆ ಒಂದು ಸಲ, ಇಪ್ಪತ್ತು ಸೆಕೆಂಡು. ಅಷ್ಟು ಸಾಕು. ಬಿರಿದ ಚರ್ಮಕ್ಕೆ ರಾತ್ರಿ ಮಲಗುವ ಮುಂಚೆ ಏನಾದರೂ ಎಣ್ಣೆ ಸವರಿಕೋ.

ತರಕಾರಿಗೆ ಸಾಬೂನು ಮಾತ್ರ ಬೇಡವೇ ಬೇಡ. ಅದು ಹೊಟ್ಟೆಗೆ ಹೋಗುವಂಥದ್ದಲ್ಲ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಆಯಿತು. ಕಳೆದ ವರ್ಷ ಅದೇ ಅಮೆರಿಕದಲ್ಲಿ ಒಬ್ಬ ಹೆಂಗಸು ತರಕಾರಿಯನ್ನು ಬ್ಲೀಚು, ವಿನೆಗರ್, ಬಿಸಿನೀರು ಬೆರೆಸಿ ಅದರಲ್ಲಿ ನೆನೆಹಾಕಲು ಹೋಗಿ, ಎದ್ದ ಹೊಗೆಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಬೇಕಾಯಿತು. ಪುಣ್ಯಕ್ಕೆ ಗುಣವಾಯಿತು. ಅವಳೂ ಯಾರಿಗಾಗಿಯೋ ಹೆದರಿಯೇ ಹಾಗೆ ಮಾಡಿದ್ದಿರಬೇಕು. ನಿನ್ನ ಬಚ್ಚಲಿನಲ್ಲಿ ಏನೇನು ಬಾಟಲಿ ಇವೆಯೋ ನನಗೆ ಗೊತ್ತಿಲ್ಲ, ಒಂದಕ್ಕೊಂದು ಬೆರೆಸಬೇಡ.

ನನ್ನನ್ನು ಹೆದರಿಸಿದ್ದು ನೀನು ಮಾತಿನ ನಡುವೆ ಹಗುರವಾಗಿ ಹೇಳಿಬಿಟ್ಟ ಇನ್ನೊಂದು ಸಂಗತಿ. ಅಂಗಡಿ ಮುಚ್ಚುವುದಕ್ಕೆ ಇಪ್ಪತ್ತು ನಿಮಿಷವಿರುವಾಗ ಓಡುತ್ತೀಯಂತೆ. ಒಳಗೆ ಮೈಗೆ ಮೈ ತಾಗುವಷ್ಟು ಜನ, ಮೇಲೆ ಫ್ಯಾನೂ ಇಲ್ಲ, ಬೆಲೆ ಕೇಳಲು ಮಾಸ್ಕನ್ನು ಗಲ್ಲಕ್ಕೆ ಇಳಿಸಬೇಕಾಗುತ್ತದೆ ಎಂದು ಬರೆದಿದ್ದೀಯ. ಆಮೇಲೆ ಮನೆಗೆ ಬಂದು ನಾಣ್ಯ ಕುದಿಸುತ್ತೀಯ! ಪುಟ್ಟಿ, ಇದು ನನ್ನ ಬೂದಿಯ ಕಥೆಯೇ. ಕಾಯಿಲೆ ಹೆಚ್ಚಾಗಿ ದಾಟುವುದು ಆ ಇಪ್ಪತ್ತು ನಿಮಿಷದಲ್ಲಿ, ಆ ಉಸಿರಿನಲ್ಲಿ. ಕಚೇರಿಯಲ್ಲಿ ಒಂದು ಮಾತು ಕೇಳಿ ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಲು ಆಗುವುದಿಲ್ಲವೇ? ಆಗದಿರಬಹುದು, ನಿನ್ನ ಕೆಲಸದ ವಿಚಾರ ನನಗೇನು ಗೊತ್ತು. ಆದರೆ ನಾಲ್ಕು ದಿನಕ್ಕೊಮ್ಮೆ ಹೋಗುವುದನ್ನು ಹತ್ತು ದಿನಕ್ಕೊಮ್ಮೆ ಮಾಡಬಹುದು. ಚೀಟಿ ಬರೆದುಕೊಂಡು ಹೋಗು, ಅದೂ ಅಂಗಡಿಯಲ್ಲಿ ಸಾಮಾನು ಇಟ್ಟಿರುವ ಸಾಲಿನ ಕ್ರಮದಲ್ಲಿ. ಇಲ್ಲದಿದ್ದರೆ ಒಂದು ಸೋಪಿಗಾಗಿ ಎರಡು ಸಲ ಅದೇ ಗುಂಪಿನೊಳಗೆ ನುಗ್ಗಬೇಕಾಗುತ್ತದೆ. ಚೀಟಿಯನ್ನು ಹೊರಗಿನಿಂದಲೇ ಕೊಟ್ಟು, ಕಟ್ಟಿಟ್ಟದ್ದನ್ನು ಆಮೇಲೆ ಬಂದು ಒಯ್ಯುವ ಏರ್ಪಾಡು ಇದ್ದರೆ ಇನ್ನೂ ಒಳ್ಳೆಯದು. ಬೆಲೆ ಕೇಳಲು ಮಾಸ್ಕ್ ಇಳಿಸಬೇಡ, ಬೆರಳು ತೋರಿಸು, ಚೀಟಿಯಲ್ಲಿ ಬರೆದು ತೋರಿಸು. ಒರಟು ಅನ್ನಿಸಿದರೆ ಅನ್ನಿಸಲಿ.

ನೀನು ಕೇಳಿದ್ದು ಇದನ್ನಲ್ಲ ಎಂದು ನನಗೆ ಗೊತ್ತು. ಇಷ್ಟೆಲ್ಲ ಮಾಡಿಯೂ ತಂದುಬಿಟ್ಟರೆ ಎಂದು ಕೇಳಿದ್ದೀಯ. ಬರುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಮೈಯಲ್ಲಿ ಏನೂ ಗೊತ್ತಾಗುವುದಕ್ಕೆ ಒಂದೆರಡು ದಿನ ಮುಂಚೆಯೇ ಈ ಕಾಯಿಲೆ ಇನ್ನೊಬ್ಬರಿಗೆ ದಾಟುತ್ತದೆ. ಹೀಗಿರುವಾಗ ಯಾರು ಯಾರಿಗೆ ಕೊಟ್ಟರು ಎಂಬ ಲೆಕ್ಕ ಎಲ್ಲಿ ಸಿಕ್ಕೀತು? ಹಿಂದೆ ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯವಳಿದ್ದಳು. ತನಗೆ ಏನೂ ಆಗದಿದ್ದರೂ ಟೈಫಾಯ್ಡ್ ರೋಗಾಣು ಅವಳ ಮೈಯಲ್ಲಿತ್ತು. 1907ರಲ್ಲಿ ಹಿಡಿದು ಒಂದು ದ್ವೀಪದಲ್ಲಿಟ್ಟರು, 1910ರಲ್ಲಿ ಬಿಟ್ಟರು. 1915ರಲ್ಲಿ ಮತ್ತೆ ಹಿಡಿದಮೇಲೆ 1938ರಲ್ಲಿ ಸಾಯುವವರೆಗೂ ಅಲ್ಲೇ ಇದ್ದಳು. ಅಡುಗೆ ಕೆಲಸ ಮಾಡಬೇಡ ಎಂದಿದ್ದರೂ ಹೆಸರು ಬದಲಿಸಿಕೊಂಡು ಮಾಡಿದಳು, ಅದು ಅವಳ ತಪ್ಪೇ. ಆದರೆ ಅವಳ ಹೆಸರಿಗೆ ಕಾಯಿಲೆಯನ್ನೇ ಅಂಟಿಸಿ ‘ಟೈಫಾಯ್ಡ್ ಮೇರಿ’ ಎಂದು ಇಂದಿಗೂ ಕರೆಯುತ್ತಾರಲ್ಲ, ಅದನ್ನು ಪಾಠ ಮಾಡುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ನೀನು ಏನೂ ಆಗುವ ಮೊದಲೇ ಆ ಹೆಸರನ್ನು ನಿನಗೆ ನೀನೇ ಇಟ್ಟುಕೊಂಡು ಕೋಣೆಯ ಬಾಗಿಲು ಹಾಕಿಕೊಂಡಿದ್ದೀಯ.

ನಮ್ಮ ಭಾಷೆಯೂ ವಿಚಿತ್ರ. ‘ತಂದೆ’ ಎಂದರೆ ಅಪ್ಪ, ‘ನಾನು ತಂದೆ’ ಎಂದರೆ ನಾನು ತಂದದ್ದು. ನಿದ್ದೆ ಬಾರದ ಆ ರಾತ್ರಿ ಇದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಕ್ಕಿ, ಬೇಳೆ, ಮಾತ್ರೆ, ಇವನ್ನು ನೀನು ತರುತ್ತೀಯ. ಕಾಯಿಲೆ ಬಂದರೆ ಬರುತ್ತದೆ. ತರುವುದಕ್ಕೂ ಬರುವುದಕ್ಕೂ ವ್ಯತ್ಯಾಸವಿಲ್ಲವೇ? ನಿಮ್ಮಪ್ಪನನ್ನೇ ಕೇಳು, ಅವನು ಹೀಗೆಯೇ ಹೇಳುತ್ತಾನೆ, ನನಗಿಂತ ಗಟ್ಟಿಯಾಗಿ. ಕೇಳಬೇಕಾದರೆ ಅವನೆದುರು ಕೂರಬೇಕಲ್ಲ, ಅದೇ ಬಂದದ್ದು ಕಷ್ಟ.

ನಿನ್ನ ತಾತ ಗುಣವಾದದ್ದು ನಿನಗೆ ಗೊತ್ತು. ಕಫದ ಪರೀಕ್ಷೆ ಮಾಡಿ, ಇನ್ನು ಏನೂ ಇಲ್ಲ, ಎಲ್ಲರ ಜೊತೆ ಇರಬಹುದು ಎಂದು ವೈದ್ಯರು ಹೇಳಿದರು. ಆಮೇಲೆ ಅವರು ಹನ್ನೊಂದು ವರ್ಷ ಬದುಕಿದರು. ಆ ಹನ್ನೊಂದು ವರ್ಷವೂ ಊಟವಾದ ಮೇಲೆ ತಮ್ಮ ತಟ್ಟೆಯನ್ನೂ ಲೋಟವನ್ನೂ ತಾವೇ ತೊಳೆದು, ಬೇರೆಯವಕ್ಕೆ ತಾಗದ ಹಾಗೆ ಹೊಸ್ತಿಲ ಪಕ್ಕದಲ್ಲಿ ಬೋರಲು ಹಾಕಿಡುತ್ತಿದ್ದರು. ಬೇಡ ಅಪ್ಪ, ಒಳಗಿಡಿ ಎಂದರೆ, “ಇರಲಿ ಬಿಡಮ್ಮ, ಅಭ್ಯಾಸವಾಗಿದೆ” ಅನ್ನುತ್ತಿದ್ದರು. ಬೋರಲು ಹಾಕಿದ ಲೋಟದ ತಳದಲ್ಲಿ ನಾನು ಕೊರೆದ ಗೀಟು ದಿನವೂ ಮೇಲಕ್ಕೆ ಕಾಣುತ್ತಿತ್ತು. ಮಲಗಿದ್ದ ದಿನಗಳಲ್ಲಿ ಒಮ್ಮೆ, ಹೊಸ್ತಿಲಾಚೆಯೇ ಕುಳಿತು ಪತ್ರಿಕೆ ಓದಿ ಹೇಳುತ್ತೀಯಾ ಎಂದು ಕೇಳಿದ್ದರು. ಪರೀಕ್ಷೆ ಇದೆ ಅಪ್ಪ ಎಂದೆ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು.

ಅವರ ಕಾಯಿಲೆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅದಕ್ಕೆ ನನ್ನ ಬೂದಿ ಕಾರಣವೆಂದು ಎಲ್ಲರೂ ನನ್ನನ್ನು ಹೊಗಳಿದರು.

ನೀನು ಅಪ್ಪನನ್ನು ಅಪ್ಪಿಕೋ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಉಬ್ಬಸವಿದೆ, ಜಾಗ್ರತೆ ಬೇಕೇ ಬೇಕು. ಆದರೆ ಅವನ ಕೋಣೆಯ ಕಿಟಕಿ ತೆರೆಸು. ಚಳಿಯಾಗುತ್ತದೆ ಎಂದು ಗೊಣಗುತ್ತಾನೆ, ಶಾಲು ಹೊದಿಸು. ಎದುರು ಬದುರು ಎರಡು ಕಿಂಡಿ ತೆರೆದು ಗಾಳಿ ಆಡುವಂತಿದ್ದರೆ, ನೀನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮಾಸ್ಕ್ ಕಟ್ಟಿಕೊಂಡೇ ಅರ್ಧ ಗಂಟೆ ಕುಳಿತುಕೊಳ್ಳಬಹುದು. ಅಂಗಡಿಯ ಗುಂಪಿಗೆ ಹೋಲಿಸಿದರೆ ಇದೇನೂ ಅಲ್ಲ. ನಿನಗೆ ಗಂಟಲು ಕೆರೆತ, ಮೈ ಬಿಸಿ ಏನೇ ಆದರೂ ಆ ದಿನದಿಂದ ದೂರ ಇರು, ಪರೀಕ್ಷೆ ಮಾಡಿಸು, ಸುಮ್ಮನಿದ್ದು ಸಹಿಸಬೇಡ. ಲಸಿಕೆಯ ಸರದಿ ಬಂದರೆ ಅಪ್ಪ ನೆಪ ಹೇಳುತ್ತಾನೆ, ಕೇಳಬೇಡ. ಇವೆಲ್ಲ ನಿನಗೆ ಗೊತ್ತಿರುವುದೇ ಇರಬಹುದು. ಎರಡು ಬೆರಳಿನಿಂದ ಹಿಗ್ಗಿಸಿ ಓದುವ ಮುದುಕಿ ಬುದ್ಧಿ ಹೇಳುತ್ತಿದ್ದಾಳೆ ಎಂದುಕೊಳ್ಳಬೇಡ.

ಪತ್ರಿಕೆ ಓದಿಸಿಕೊಳ್ಳುವುದೆಂದರೆ ನಿಮ್ಮಪ್ಪನಿಗೂ ಇಷ್ಟ. ಕುರ್ಚಿ ಎಲ್ಲಿ ಹಾಕಿಕೊಂಡೆ ಎಂದು ಬರೆ. ಬರೆಯುವಾಗ ಅಂಚಿನಲ್ಲಿ ತುರುಕಬೇಡ, ಪುಟದ ನಡುವೆ ಬರೆ.

ಇಂತಿ ನಿನ್ನ
ಅತ್ತೆ

ಮರೆತಿದ್ದೆ. ಮಾಸ್ಕ್ ಹಾಕಿದರೆ ಕನ್ನಡಕಕ್ಕೆ ಆವಿ ಕಟ್ಟಿ ಚೀಟಿಯೇ ಕಾಣುವುದಿಲ್ಲ ಎಂದಿದ್ದೆಯಲ್ಲ, ಉಸಿರು ಮೂಗಿನ ಪಕ್ಕದಿಂದ ಮೇಲಕ್ಕೆ ಸೋರುತ್ತಿದೆ ಎಂದು ಅದರರ್ಥ. ಮಾಸ್ಕಿನ ಮೇಲಂಚಿನಲ್ಲಿ ಒಂದು ಸಣ್ಣ ತಂತಿ ಇರುತ್ತದೆ, ಅದನ್ನು ಎರಡೂ ಕೈ ಬೆರಳಿನಿಂದ ಮೂಗಿಗೆ ಒತ್ತಿಕೊಂಡು ಕನ್ನಡಕವನ್ನು ಅದರ ಮೇಲೆ ಕೂರಿಸು. ನನಗೆ ಇದನ್ನು ಹೇಳಿಕೊಟ್ಟದ್ದು ಹಾಲು ತರುವ ಹುಡುಗ.